ಮಗ ಕಾಲೇಜು ಬಿಡುತ್ತೇನೆ ಅಂದಾಗ ನಾವು ಹಾಕಿದ ಲೆಕ್ಕ

ವಿಜಯದಶಮಿಯ ದಿನ ಕೊಲ್ಲೂರಿಗೆ ಹೋದವರಿಗೆ ಗೊತ್ತು, ದೇವಸ್ಥಾನದ ಒಳಗೂ ಹೊರಗೂ ಕಾಲಿಡಲು ಜಾಗ ಇರುವುದಿಲ್ಲ. ಕೇರಳದಿಂದ ರಾತ್ರಿಯಿಡೀ ರೈಲು, ಬಸ್ಸಿನಲ್ಲಿ ಬಂದವರು ಮೂರು ವರ್ಷದ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಕ್ಕಿಯಲ್ಲಿ ಮೊದಲ ಅಕ್ಷರ ಬರೆಸುತ್ತಾರೆ. ಮೂಕಾಂಬಿಕೆಯ ಎದುರು ಅಕ್ಷರ ಬಿದ್ದರೆ ವಿದ್ಯೆ ಒಲಿಯುತ್ತದೆ ಎಂಬ ನಂಬಿಕೆ. ನನ್ನ ಮಗನಿಗೂ ಅಲ್ಲೇ ಬರೆಸಿದ್ದು.

2023ರ ವಿಜಯದಶಮಿಯ ಸಂಜೆ ಅದೇ ಮಗ ನಮ್ಮ ಮನೆಯ ಜಗಲಿಯಲ್ಲಿ ಕೂತು ಹೇಳಿದ, “ಅಪ್ಪಯ್ಯ, ನಾನಿನ್ನ್ ಕಾಲೇಜಿಗೆ ಹೋತಿಲ್ಲೆ.”

ಆಗ ಅವನು ಎರಡನೇ ವರ್ಷದ ಬಿ.ಕಾಂ. ನಮ್ಮದು ಹಾಲ್ಕಲ್ ಕಡೆಯ ಒಂದೂಕಾಲು ಎಕ್ರೆ ಅಡಿಕೆ ತೋಟ, ಅರುವತ್ತು ತೆಂಗು, ಸ್ವಲ್ಪ ಕಾಳುಮೆಣಸು, ಮನೆ ಊಟಕ್ಕೆ ಆಗುವಷ್ಟು ಗದ್ದೆ. ಇಂಥ ಮನೆಗಳಲ್ಲಿ ಮಗ ಕಾಲೇಜು ಬಿಡುತ್ತೇನೆ ಅಂದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ. ಅವನ ಅಮ್ಮ ಒಳಗಿನಿಂದ ಬಂದವಳು ಕೇಳಿದ್ದು ಒಂದೇ ಮಾತು, “ಡಿಗ್ರಿ ಇಲ್ದಿದ್ ಹುಡ್ಗನಿಗೆ, ಅದ್ರ ಮೇಲೆ ತ್ವಾಟ ಮಾಡ್ವವನಿಗೆ, ಹೆಣ್ಣ್ ಯಾರ್ ಕೊಡ್ತ್ರ್?” ನಾನು ಏನೂ ಹೇಳಲಿಲ್ಲ. ನನಗೆ ಸಿಟ್ಟು ಬಂದಿತ್ತು. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಆಗಿತ್ತು. ಯಾಕೆ ಅಂತ ಆಮೇಲೆ ಬರೆಯುತ್ತೇನೆ.

ಆ ಸಂಜೆಯಿಂದ ಎರಡು ವರ್ಷ ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಇದ್ದ ಹಾಗೆ ಬರೆದಿದ್ದೇನೆ. ಉಪದೇಶಕ್ಕಲ್ಲ. ನಮ್ಮಂಥ ಹತ್ತು ಮನೆಯಲ್ಲಿ ಈಗ ಇದೇ ಮಾತು ನಡೆಯುತ್ತಿದೆ, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಉಪಯೋಗ ಆದೀತು ಅಂತ.

ಹುಡುಗನ ಲೆಕ್ಕ

ಅವನು ಸುಮ್ಮನೆ ಹಾಗೆ ಹೇಳಿದ್ದಲ್ಲ. ಹತ್ತಿರದ ಊರಿನ, ಇವನಿಗಿಂತ ಸ್ವಲ್ಪ ದೊಡ್ಡ ಹುಡುಗನೊಬ್ಬ ಕಾರ್ಬನ್ ಫೈಬರ್ ದೋಟಿ ತೆಗೆದುಕೊಂಡಿದ್ದ. ಹಗುರದ ಕೊಳವೆಗಳು, ಒಂದರೊಳಗಿಂದ ಒಂದು ಎಳೆದರೆ ಅರುವತ್ತು ಅಡಿ, ಅದಕ್ಕೂ ಮೇಲೆ ಹೋಗುತ್ತದೆ. ಮರ ಹತ್ತದೆ ನೆಲದಲ್ಲೇ ನಿಂತು ಗೊನೆ ಕೊಯ್ಯಬಹುದು, ಔಷಧಿ ಬಿಡಬಹುದು. ಅಡಿಕೆ ಮರ ಹತ್ತುವವರು ಸಿಗದೆ ನಾವೆಲ್ಲ ಪಡುತ್ತಿರುವ ಪಾಡು ನಿಮಗೆ ಗೊತ್ತೇ ಇದೆ. ಮರ ಹತ್ತುವ ತಲೆಮಾರಿಗೆ ವಯಸ್ಸಾಯಿತು, ಅವರ ಮಕ್ಕಳು ಹತ್ತುವುದಿಲ್ಲ. ಹಾಗಾಗಿ ದೋಟಿ ಇದ್ದವನಿಗೆ ಫೋನಿನ ಮೇಲೆ ಫೋನು. ಮಗ ರಜೆಯಲ್ಲಿ ಅವನ ಜೊತೆ ಹೋಗಿ ಬಂದಿದ್ದ.

“ದಿನಕ್ಕೆ 1,800 ಸಿಕ್ತದೆ ಅಪ್ಪಯ್ಯ. ತಿಂಗಳಿಗೆ 54,000 ಆಯ್ತಲ್ದಾ? ಬಿ.ಕಾಂ. ಮಾಡಿ ಬೆಂಗಳೂರಿಗೆ ಹೋದ್ರೆ ಯಾರ್ ಕೊಡ್ತ್ರ್ ಅಷ್ಟು?”

ನನಗೆ ಗೊತ್ತಿದ್ದ ಒಬ್ಬ ಹುಡುಗ ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ 18,000ಕ್ಕೆ ಇದ್ದ. ಅದರಲ್ಲಿ 7,000 ಪಿ.ಜಿ. ಬಾಡಿಗೆಗೇ ಹೋಗುತ್ತಿತ್ತು. ಅಂದ ಮೇಲೆ ಮಗನ ಮಾತಿಗೆ ಉತ್ತರ ಇರಲಿಲ್ಲ. ಆದರೆ ಒಂದು ವಿಷಯ ಅವನು ಹೇಳಿರಲಿಲ್ಲ. ಅದನ್ನು ಹೇಳಿದವರು ಅವನ ಕಾಲೇಜಿನ ಮೇಷ್ಟ್ರು.

ಮೇಷ್ಟ್ರು ಬಂದದ್ದು

ಎರಡು ವಾರ ಅವನು ಕಾಲೇಜಿಗೆ ಹೋಗಲಿಲ್ಲ. ಒಂದು ಭಾನುವಾರ ಅವನ ಲೆಕ್ಕಶಾಸ್ತ್ರದ ಮೇಷ್ಟ್ರು ಬೈಕಿನಲ್ಲಿ ಮನೆಗೇ ಬಂದರು. ಅವರದ್ದೂ ಅಡಿಕೆ ತೋಟದ ಮನೆ. ಬಂದವರು ಮೊದಲು ತೋಟಕ್ಕೆ ಇಳಿದು ಎಲೆಚುಕ್ಕಿ ರೋಗ ಎಷ್ಟು ಬಂದಿದೆ ಅಂತ ನೋಡಿದರು. ಆಮೇಲೆ ಬೆಲ್ಲ ನೀರು ಕುಡಿಯುತ್ತ ಹೇಳಿದರು, “ಇವನಿಗೆ ಎರಡು ಪೇಪರ್ ಬಾಕಿ ಉಂಟು. ಒಂದು ಇಂಗ್ಲಿಷ್, ಒಂದು ನನ್ನದೇ. ನಿಮಗೆ ಹೇಳಿದಾನಾ?”

ಹೇಳಿರಲಿಲ್ಲ. ಮಗ ಅಂಗಳದ ಕಡೆ ಮುಖ ಮಾಡಿ ನಿಂತಿದ್ದ.

ಮೇಷ್ಟ್ರು ಅವನನ್ನು ಬೈಯಲಿಲ್ಲ. “ನೀನು ಕಾಲೇಜು ಬಿಡಬೇಡ ಅಂತ ಹೇಳಲಿಕ್ಕೆ ಬಂದದ್ದಲ್ಲ ನಾನು. ಬಿಡುವವರು ತುಂಬಾ ಜನ, ಕೆಲವರು ಚೆನ್ನಾಗಿಯೂ ಇದ್ದಾರೆ. ಆದ್ರೆ ಈ ಎರಡು ಪೇಪರ್ ಪಾಸ್ ಮಾಡಿ ಬಿಡು. ಇಲ್ಲದಿದ್ರೆ ನೀನು ದೋಟಿಗೋಸ್ಕರ ಬಿಟ್ಟದ್ದೋ ಪೇಪರಿಗೆ ಹೆದರಿ ಬಿಟ್ಟದ್ದೋ ನಿನಗೇ ಕೊನೆವರೆಗೂ ಗೊತ್ತಾಗುವುದಿಲ್ಲ” ಅಂದರು.

ಈ ಮಾತು ತಾಗಿದ್ದು ಮಗನಿಗಿಂತ ನನಗೆ.

ನಾನು ಬಿಟ್ಟದ್ದು ಹೇಗೆ

ನಾನೂ ಕಾಲೇಜಿಗೆ ಹೋದವನೇ. 1990ರಲ್ಲಿ ಬಿ.ಎ.ಗೆ ಸೇರಿದೆ. ಆಗ ನಮ್ಮದು ಕುಂದಾಪುರ ತಾಲೂಕು, ದಕ್ಷಿಣ ಕನ್ನಡ ಜಿಲ್ಲೆ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಬೈಂದೂರು ತಾಲೂಕು ಆದದ್ದು 2018ರಲ್ಲಿ. ಬೆಳಿಗ್ಗೆ ಕತ್ತಲಲ್ಲೇ ಟಾರ್ಚ್ ಹಿಡಿದು ತೋಡು ದಾಟಿ ರಸ್ತೆಗೆ ಬಂದು, ಮೊದಲ ಬಸ್ಸು ಹಿಡಿದು, ವಂಡ್ಸೆ, ಹೆಮ್ಮಾಡಿ ದಾಟಿ ಕುಂದಾಪುರಕ್ಕೆ ಹೋಗಬೇಕು. ಮಳೆಗಾಲದಲ್ಲಿ ಕ್ಲಾಸಿನಲ್ಲಿ ಕೂತಾಗ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ.

1991ರಲ್ಲಿ ನನ್ನ ಅಪ್ಪಯ್ಯ ಅಡಿಕೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ನಾನು ಕಾಲೇಜು ಬಿಟ್ಟು ತೋಟಕ್ಕೆ ಇಳಿದೆ. ಊರಿನಲ್ಲಿ ಎಲ್ಲರೂ “ಅಪ್ಪನಿಗೋಸ್ಕರ ಓದು ಬಿಟ್ಟ ಹುಡುಗ” ಅಂದರು. ಮದುವೆಯ ಹೊತ್ತಿನಲ್ಲೂ ಅದೇ ಹೇಳಿದರು. ಹೆಂಡತಿಗೂ ಹಾಗೇ ಗೊತ್ತು. ಮೂವತ್ತು ವರ್ಷ ನಾನೂ ಹಾಗೇ ಹೇಳಿಕೊಂಡು ಬಂದೆ.

ಆದರೆ ಅಪ್ಪಯ್ಯ ಬೀಳುವ ಒಂದು ತಿಂಗಳ ಮೊದಲೇ ನನ್ನ ಫಲಿತಾಂಶ ಬಂದಿತ್ತು. ಇಂಗ್ಲಿಷಿನಲ್ಲಿ ಫೇಲು. ಮನೆಯಲ್ಲಿ ಹೇಳಿರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದವನು, ಇಂಗ್ಲಿಷ್ ಪಾಠ ನಡೆಯುವಾಗ ಹಿಂದಿನ ಬೆಂಚಿನಲ್ಲಿ ತಲೆ ಬಗ್ಗಿಸಿ ಕೂತಿರುತ್ತಿದ್ದೆ, ಎಲ್ಲಿ ನನ್ನನ್ನು ಕೇಳುತ್ತಾರೋ ಅಂತ. ಅಪ್ಪಯ್ಯ ಬಿದ್ದ ಸುದ್ದಿ ಬಂದಾಗ ನನಗೆ ದುಃಖ ಆಯಿತು, ಸುಳ್ಳಲ್ಲ. ಆದರೆ ಅದರ ಹಿಂದೆಯೇ, ಇನ್ನು ಆ ಕ್ಲಾಸಿಗೆ ಹೋಗಬೇಕಿಲ್ಲ ಅಂತ ಒಂದು ಸಮಾಧಾನವೂ ಆಯಿತು. ಅಪ್ಪಯ್ಯ ಎಂಟು ತಿಂಗಳಲ್ಲಿ ಎದ್ದು ಓಡಾಡಿದರು. “ಮತ್ತೆ ಹೋಗು” ಅಂದರು. ನಾನು ಹೋಗಲಿಲ್ಲ.

ಇದರ ಬೆಲೆ ಗೊತ್ತಾದದ್ದು ಹತ್ತು ವರ್ಷ ಕಳೆದು. 2000ದ ನಂತರ ಅಡಿಕೆ ದರ ಬಿದ್ದದ್ದು ಹಿರಿಯ ಬೆಳೆಗಾರರಿಗೆ ನೆನಪಿರಬಹುದು. ಕೊಯ್ಲಿನ ಖರ್ಚೂ ಹುಟ್ಟದ ದಿನಗಳು. ಆಗ ಹತ್ತಿರದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರ ಹುದ್ದೆ ಖಾಲಿ ಇತ್ತು. ಪದವಿ ಆದವರಿಗೆ ಮೊದಲ ಆದ್ಯತೆ. ಮನೆಯಿಂದ ನಡೆದು ಹೋಗುವ ದೂರ, ಬೆಳಿಗ್ಗೆ ಸಂಜೆ ತೋಟವನ್ನೂ ನೋಡಿಕೊಳ್ಳಬಹುದಿತ್ತು. ನನ್ನ ಅರ್ಜಿ ಮೇಲೆ ಹೋಗಲಿಲ್ಲ. ಸಂಘದವರದ್ದು ತಪ್ಪಲ್ಲ. ಆ ವರ್ಷ ಹೆಂಡತಿಯ ಬಳೆ ಅಡವಿಟ್ಟು ಸುಣ್ಣ, ಮೈಲುತುತ್ತು ತಂದೆ.

ತೋಟಕ್ಕೆ ಬಂದದ್ದಕ್ಕೆ ನನಗೆ ಬೇಸರ ಇಲ್ಲ. ನೆಟ್ಟ ಗಿಡ ನನ್ನದು, ಮಾಡಿದ ಕೆಲಸ ನನ್ನದು. ದರ ಬಂದ ವರ್ಷ ಮನೆಗೆ ಹೆಂಚು ಬದಲಿಸಿದೆ. 2021ರಲ್ಲಿ ಚಾಲಿ ಅಡಿಕೆಗೆ ಕಿಲೋಗೆ 500 ದಾಟಿದಾಗ ಸಾಲ ತೀರಿಸಿದೆ. ಬೇಸರ ಇದ್ದದ್ದು ಓಡಿ ಬಂದೆ ಎಂಬುದಕ್ಕೆ.

ಮೇಷ್ಟ್ರು ಹೋದ ರಾತ್ರಿ ಅಂಗಳದಲ್ಲಿ ಅಡಿಕೆ ರಾಶಿಗೆ ಟಾರ್ಪಾಲು ಹೊದೆಸುವಾಗ ಇದನ್ನೆಲ್ಲ ಮಗನಿಗೆ ಹೇಳಿದೆ. ಅವನು ಟಾರ್ಪಾಲಿನ ಇನ್ನೊಂದು ತುದಿ ಹಿಡಿದು ನಿಂತಿದ್ದ. ಸ್ವಲ್ಪ ಹೊತ್ತು ಬಿಟ್ಟು, “ಅಮ್ಮನಿಗೆ ಗೊತ್ತಿತ್ತಾ?” ಅಂದ. ಇಲ್ಲ ಅಂದೆ. “ನಾನು ಹೇಳೂದಿಲ್ಲೆ” ಅಂದ. ಮರುದಿನ ನಾನೇ ಹೇಳಿದೆ.

ಕಾರಂತರೂ ಬಿಟ್ಟಿದ್ದರಲ್ಲ?

ನಮ್ಮ ಕಡೆ ಯಾವ ಹುಡುಗ ಕಾಲೇಜು ಬಿಟ್ಟರೂ ಒಂದು ಹೆಸರು ಬಂದೇ ಬರುತ್ತದೆ. ಮಗನೂ ಹೇಳಿದ, “ಕೋಟ ಶಿವರಾಮ ಕಾರಂತರೂ ಕಾಲೇಜು ಬಿಟ್ಟವರೇ ಅಲ್ದಾ?”

ಹೌದು. 1902ರಲ್ಲಿ ಕೋಟದಲ್ಲಿ ಹುಟ್ಟಿದ ಕಾರಂತರು, ಗಾಂಧೀಜಿಯವರ ಅಸಹಕಾರ ಚಳವಳಿಯ ಕಾಲದಲ್ಲಿ, 1921ರಲ್ಲಿ, ಮಂಗಳೂರಿನ ಸರ್ಕಾರಿ ಕಾಲೇಜು ಬಿಟ್ಟರು. ಮತ್ತೆ ಕಾಲೇಜಿಗೆ ಹೋಗಲಿಲ್ಲ. 1977ರ ಜ್ಞಾನಪೀಠ ಅವರಿಗೆ ಬಂತು. ವಿಶ್ವವಿದ್ಯಾಲಯಗಳು ಕರೆದು ಡಾಕ್ಟರೇಟ್ ಕೊಟ್ಟವು.

ಆದರೆ ಈ ಉದಾಹರಣೆಯನ್ನು ಅರ್ಧಕ್ಕೆ ನಿಲ್ಲಿಸುವುದು ಸರಿಯಲ್ಲ. ಕಾರಂತರು ಬಿಟ್ಟದ್ದು ಕಾಲೇಜನ್ನು, ಓದನ್ನಲ್ಲ. ಕುಂದಾಪುರದಲ್ಲಿದ್ದು ‘ವಸಂತ’ ಎಂಬ ಮಾಸಪತ್ರಿಕೆ ನಡೆಸಿದರು. ಮಕ್ಕಳಿಗೆ ಮೂರು ಸಂಪುಟದ ‘ಬಾಲಪ್ರಪಂಚ’ವನ್ನು ಒಬ್ಬರೇ ಕೂತು ಬರೆದರು. ವಿಜ್ಞಾನದ ಪುಸ್ತಕ ಬರೆದರು, ಯಕ್ಷಗಾನಕ್ಕೆ ದುಡಿದರು. ಯಾವ ಪರೀಕ್ಷೆಗೂ ಹೆದರಿ ಅವರು ಹೊರಗೆ ಬಂದಿರಲಿಲ್ಲ. ಒಂದು ಉದ್ದೇಶಕ್ಕೆ ಅಂತ ಬಂದವರು ಮುಂದಿನ ಎಪ್ಪತ್ತು ವರ್ಷ ಸುಮ್ಮನೆ ಕೂರಲಿಲ್ಲ.

ಇನ್ನೊಂದು ವಿಷಯ. ನಮ್ಮದೇ ಕರಾವಳಿಯ ಕತೆ ಇರುವ ಅವರ ‘ಮರಳಿ ಮಣ್ಣಿಗೆ’ ಕಾದಂಬರಿ ಓದಿದವರಿಗೆ ನೆನಪಿರಬಹುದು. ಅದರಲ್ಲಿ ಮಗ ಲಚ್ಚ ಇಂಗ್ಲಿಷ್ ಓದಲು ಹೋಗಿ ದಾರಿ ತಪ್ಪುತ್ತಾನೆ, ಆಸ್ತಿ ಕಳೆಯುತ್ತಾನೆ. ಕೊನೆಗೆ ಮಣ್ಣಿಗೆ ಮರಳುವವನು ಮೊಮ್ಮಗ ರಾಮ. ಆ ರಾಮ ಓದು ಅರ್ಧಕ್ಕೆ ಬಿಟ್ಟವನಲ್ಲ, ಪದವಿ ಮುಗಿಸಿ ಹೊರಗಿನ ಲೋಕ ನೋಡಿ ಬಂದವನು. ಸ್ವತಃ ಕಾಲೇಜು ಬಿಟ್ಟ ಕಾರಂತರು ತಮ್ಮ ರಾಮನನ್ನು ಮಾತ್ರ ಓದು ಮುಗಿಸಿಯೇ ಊರಿಗೆ ಕರೆತಂದರು. ಇದನ್ನು ಮಗನಿಗೆ ಹೇಳಿದೆ. “ಅದು ಕತೆ ಅಪ್ಪಯ್ಯ” ಅಂದ. ಅದೂ ಸರಿಯೇ.

ನಮ್ಮ ಕುಂದಾಪುರ ಸೀಮೆಗೆ ಓದು ಬಿಟ್ಟು ಊರು ಬಿಡುವುದು ಹೊಸತಲ್ಲ. ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿಗೆ ಹೋಗಿ 1924ರಲ್ಲಿ ಶುರು ಮಾಡಿದ ಹೋಟೆಲೇ ಮುಂದೆ ಎಂ.ಟಿ.ಆರ್. ಆದದ್ದು. ಮುಂಬಯಿಗೆ ಓಡಿಹೋದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಕೂತು ಓದಿ ಮೇಲೆ ಬಂದರು. ದುಡಿಮೆ ಹಿಡಿದ ಕೂಡಲೇ ಪುಸ್ತಕ ಬಿಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೂರು ಕರಾರು

ಕೊನೆಗೆ ನಾವು ಮೂವರೂ ಕೂತು ಮೂರು ಕರಾರು ಮಾಡಿಕೊಂಡೆವು.

ಒಂದು, ಬಾಕಿ ಇದ್ದ ಎರಡು ಪೇಪರ್ ಪಾಸಾಗಬೇಕು. ಪಾಸಾದ ಮೇಲೆ ಬಿಡುತ್ತೇನೆ ಅಂದರೆ ನಾವು ತಡೆಯುವುದಿಲ್ಲ.

ಎರಡು, ಎರಡನೇ ವರ್ಷ ಮುಗಿಯುವವರೆಗೆ ಭಾನುವಾರ, ರಜಾದಿನ ಮಾತ್ರ ದೋಟಿ ಕೆಲಸ. ಅದೂ ಬೇರೆಯವರ ದೋಟಿಯಲ್ಲಿ, ಸಹಾಯಕನಾಗಿ. ಸಾಲ ಮಾಡಿ ಸಲಕರಣೆ ಕೊಳ್ಳುವುದು ಆಮೇಲೆ.

ಮೂರು, ಬಂದದ್ದು, ಹೋದದ್ದು ಎಲ್ಲವನ್ನೂ ಪುಸ್ತಕದಲ್ಲಿ ಬರೆಯಬೇಕು. ಇದು ಅವನ ಅಮ್ಮನ ಕರಾರು. “ನೀ ಬಿ.ಕಾಂ. ಅಲ್ದಾ, ಬರಿ ಕಾಂಬ” ಅಂದಳು.

ಎರಡು ವರ್ಷ ಪೂರ್ತಿ ಮಾಡು ಅಂದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. 2021ರಿಂದ ನಮ್ಮ ರಾಜ್ಯದ ಪದವಿ ಕಾಲೇಜುಗಳಿಗೆ ಬಂದಿದ್ದ ರಾಷ್ಟ್ರೀಯ ಶಿಕ್ಷಣ ನೀತಿಯ ಕ್ರಮದಲ್ಲಿ ಒಂದು ವರ್ಷಕ್ಕೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಅಂತ ಇತ್ತು. ಮಗ ಸೇರಿದ್ದು ಆ ಕ್ರಮದಲ್ಲೇ. ಹೊಸದಾಗಿ ಸೇರುವವರಿಗೆ 2024–25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ನಿಮ್ಮ ಮಕ್ಕಳ ಬ್ಯಾಚಿಗೆ ಯಾವ ನಿಯಮ ಅನ್ವಯಿಸುತ್ತದೆ, ನಡುವೆ ಬಿಟ್ಟರೆ ಯಾವ ಕಾಗದ ಸಿಗುತ್ತದೆ, ಮತ್ತೆ ಸೇರಲು ಎಷ್ಟು ವರ್ಷ ಅವಕಾಶ ಇದೆ ಎಂಬುದನ್ನು ಕಾಲೇಜಿನ ಆಫೀಸಿನಲ್ಲೇ ಕೇಳಿಕೊಳ್ಳಿ. ಬಸ್ ಸ್ಟ್ಯಾಂಡಿನ ಮಾತು ನಂಬಬೇಡಿ.

ದೋಟಿ ಹಿಡಿದ ಮೇಲೆ ತಿಳಿದದ್ದು

2023ರ ನವೆಂಬರಿನಿಂದ 2024ರ ಮೇವರೆಗೆ ಅವನು ಹೋದದ್ದು 29 ದಿನ. ಅಷ್ಟರಲ್ಲಿ ಕಲಿತದ್ದು ಬಹಳ.

ಮೊದಲನೆಯದು ಕುತ್ತಿಗೆ. ದಿನವಿಡೀ ಮೇಲೆ ನೋಡಿ ಕೆಲಸ. ಮೊದಲ ವಾರ ಅವನಿಗೆ ತಿರುಗಿ ಮಾತಾಡಲೂ ಆಗುತ್ತಿರಲಿಲ್ಲ. ಎರಡನೆಯದು ಗೊನೆ. ಕೊಯ್ದ ಗೊನೆಯನ್ನು ನೆಲಕ್ಕೆ ಬೀಳಿಸದೆ ಬಲೆಯಲ್ಲಿ ಹಿಡಿಯುವುದು ಇಬ್ಬರ ಕೆಲಸ. ಜೊತೆಗಾರ ಸರಿ ಇಲ್ಲದಿದ್ದರೆ ಅಡಿಕೆ ಹೆಕ್ಕುವುದರಲ್ಲೇ ದಿನ ಹೋಗುತ್ತದೆ.

ಮೂರನೆಯದು ದೊಡ್ಡ ಎಚ್ಚರಿಕೆ. ಫೆಬ್ರವರಿಯಲ್ಲಿ ಒಂದು ತೋಟದ ಅಂಚಿನಲ್ಲಿ ದೋಟಿ ಎತ್ತುವಾಗ ಪಕ್ಕದಲ್ಲೇ ವಿದ್ಯುತ್ ತಂತಿ ಇದ್ದದ್ದನ್ನು ಇವನು ಗಮನಿಸಿರಲಿಲ್ಲ. ದೋಟಿಯ ಹುಡುಗ ಕೂಗಿದ್ದಕ್ಕೆ ಉಳಿದ. ಕಾರ್ಬನ್ ಫೈಬರ್ ನೋಡಲು ಪ್ಲಾಸ್ಟಿಕ್ಕಿನ ಹಾಗೆ ಇರುತ್ತದೆ, ಆದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಯಲ್ಲೂ ಹಾಗೇ. ತೋಟದ ಮೇಲೆ ತಂತಿ ಹೋಗಿದ್ದರೆ ಅದರ ಹತ್ತಿರದ ಮರಗಳನ್ನು ದೋಟಿಯಲ್ಲಿ ಮುಟ್ಟಲೇಬಾರದು. ಅಥವಾ ಲೈನ್ ಬಂದ್ ಮಾಡಿಸಿ ಕೆಲಸ ಮಾಡಬೇಕು. ಕೆಲಸಕ್ಕೆ ಕರೆಯುವ ತೋಟದವರೂ ಇದನ್ನು ಮೊದಲೇ ಹೇಳಬೇಕು.

ನಾಲ್ಕನೆಯದು ಬೋರ್ಡೋ ದ್ರಾವಣ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹಾಕಬೇಕು. ಸುಣ್ಣವನ್ನು ತುತ್ತಿಗೆ ಹಾಕಬಾರದು. ಹದ ನೋಡಲು ಕತ್ತಿಯ ಮೊನೆ ಅದ್ದಿ ನೋಡುವುದು ನಮ್ಮ ಹಳೆಯ ಪದ್ಧತಿ. ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ. ಇದನ್ನೆಲ್ಲ ನಾನು ಮೂವತ್ತು ವರ್ಷದಿಂದ ಮಾಡಿಕೊಂಡು ಬಂದಿದ್ದೆ, ಅವನು ನೋಡಿಯೇ ಇರಲಿಲ್ಲ. ಕಲಿಸಲು ಕೂತಾಗ ಯಾಕೆ, ಏನು ಅಂತ ಕೇಳಿದ. ಅದೇ ವರ್ಷ ಮೊದಲ ಬಾರಿ ಅಪ್ಪ ಮಗ ಒಂದೇ ವಿಷಯ ಮಾತಾಡಿದ್ದು.

ಈ ನಡುವೆ ಪರೀಕ್ಷೆಯೂ ಬಂತು. ಲೆಕ್ಕಶಾಸ್ತ್ರ ಮೊದಲ ಸಲಕ್ಕೇ ಪಾಸಾದ. ಇಂಗ್ಲಿಷ್ ಮತ್ತೊಮ್ಮೆ ಹೋಯಿತು. ಅಂದು ಅವನ ಮುಖದಲ್ಲಿ ನನ್ನ 1991 ಕಂಡೆ. ಮೇಷ್ಟ್ರು ಫೋನ್ ಮಾಡಿ, ತಮ್ಮ ಸಹೋದ್ಯೋಗಿ ಒಬ್ಬರ ಹತ್ತಿರ ಶನಿವಾರ ಒಂದು ಗಂಟೆ ಕೂರಿಸಿದರು. ಮುಂದಿನ ಪರೀಕ್ಷೆಯಲ್ಲಿ ಪಾಸಾಯಿತು. ಅಂಕ ಹೆಚ್ಚಿಲ್ಲ. ಆದರೆ ಪಾಸು. ನಾಲ್ಕನೇ ಸೆಮಿಸ್ಟರಿನ ಉಳಿದವೂ 2024ರಲ್ಲಿ ಮುಗಿದವು.

ಆ ಮೇಲೆ ಕೇಳಿದೆ, “ಈಗ ಎಂತ ಮಾಡ್ತೆ ಮಗ?” ಒಂದು ದಿನ ಬಿಟ್ಟು ಹೇಳಿದ, “ಈಗ ಹೆದ್ರಿಕೆ ಇಲ್ಲೆ. ಆದ್ರೂ ನಂಗೆ ದೋಟಿಯೇ ಆಯ್ಕ್.” ನಮ್ಮ ಕರಾರು ಹಾಗೇ ಇತ್ತು. ನಾನು ತಡೆಯಲಿಲ್ಲ.

ದೀಪಾವಳಿಯಿಂದ ದೀಪಾವಳಿಗೆ

68,000 ರೂಪಾಯಿಯ ದೋಟಿ. ಅದಕ್ಕೆ ಬ್ಯಾಂಕಿನಿಂದ 50,000 ಮುದ್ರಾ ಸಾಲ. 2015ರಲ್ಲಿ ಬಂದ ಈ ಯೋಜನೆಯಲ್ಲಿ 50,000ದವರೆಗಿನದ್ದು ಶಿಶು ಸಾಲ. ಜಾಮೀನು ಆಸ್ತಿ ಕೇಳುವುದಿಲ್ಲ. ಉಳಿದ 18,000 ಅವನದೇ ಉಳಿಕೆ ಮತ್ತು ಅಮ್ಮನ ಹಾಲಿನ ದುಡ್ಡು.

2024ರ ದೀಪಾವಳಿಯಿಂದ 2025ರ ದೀಪಾವಳಿಗೆ ಅವನ ಪುಸ್ತಕದ ಲೆಕ್ಕ ಹೀಗಿದೆ. ಕೊಯ್ಲಿನ ಕೆಲಸ 88 ದಿನ, ಸಿಂಪರಣೆ 43 ದಿನ, ಒಟ್ಟು 131 ದಿನ. ಜೊತೆಗಾರನ ಪಾಲು ಕಳೆದು ಸರಾಸರಿ ದಿನಕ್ಕೆ 1,800ರಂತೆ ಬಂದದ್ದು 2,35,800. ಖರ್ಚಿನಲ್ಲಿ ಸಾಲದ ಕಂತು 31,200, ಬೈಕಿನ ಪೆಟ್ರೋಲು 16,400, ದೋಟಿಯ ರಿಪೇರಿ 9,200, ಕೈಗವಸು, ಮಳೆಕೋಟು, ಔಷಧಿ, ಹೊರಗಿನ ಊಟ ಸೇರಿ 7,500. ಒಟ್ಟು ಖರ್ಚು 64,300. ಉಳಿದದ್ದು 1,71,500. ತಿಂಗಳಿಗೆ ಹಂಚಿದರೆ 14,300ದ ಹತ್ತಿರ.

ಜಗಲಿಯಲ್ಲಿ ಕೂತು ಹೇಳಿದ್ದು 54,000. ಪುಸ್ತಕದಲ್ಲಿ ಬಂದದ್ದು 14,300. ಕಾರಣ ಗೊತ್ತೇ ಇದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಕೊಳೆರೋಗಕ್ಕೆ ಔಷಧಿ ಬಿಡಬೇಕಾದದ್ದು ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಎಲ್ಲರಿಗೂ ಒಂದೇ ವಾರದಲ್ಲಿ ಬೇಕು. ಉಳಿದ ವಾರ ಕೇಳುವವರಿಲ್ಲ. ಮಳೆ ಬಿಡುವು ಕೊಡದಿದ್ದರೆ ಬೇಕಾದ ವಾರದಲ್ಲೂ ಮನೆಯಲ್ಲೇ. ಜುಲೈಯಲ್ಲಿ ಅವನು ಕೆಲಸಕ್ಕೆ ಹೋದದ್ದು ಒಂಬತ್ತೇ ದಿನ.

ಈ ಲೆಕ್ಕ ನೋಡಿ ನಾನು, “ಬೆಂಗಳೂರಿನ ಹುಡುಗನಿಗಿಂತ ಹೆಚ್ಚೇನಿಲ್ಲ ಅಲ್ದಾ” ಅಂದೆ. ಅವನು ಪುಸ್ತಕದ ಇನ್ನೊಂದು ಪುಟ ತೆರೆದ. ನಮ್ಮ ತೋಟದ ಕೊಯ್ಲು, ಸಿಂಪರಣೆ ಅವನೇ ಮಾಡಿದ್ದ. ಹೊರಗಿನವರಿಗೆ ಕೊಡುತ್ತಿದ್ದ 22,000 ಉಳಿದಿತ್ತು. ಔಷಧಿ ಹೊತ್ತಿಗೆ ಸರಿಯಾಗಿ ಬಿದ್ದದ್ದರಿಂದ ಕೊಳೆ ಕಡಿಮೆ ಆಗಿತ್ತು, ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಾಡಿಗೆ ಕೊಡಬೇಕಿಲ್ಲ. ಊಟ ಮನೆಯದ್ದು. ಕೆಲಸ ಇಲ್ಲದ ದಿನ ಗದ್ದೆ, ಕಾಳುಮೆಣಸು ನೋಡಿದ್ದ. ಹೀಗೆ ಲೆಕ್ಕ ಹಾಕಿದರೆ ಅವನದೂ ಸುಳ್ಳಲ್ಲ, ನನ್ನದೂ ಸುಳ್ಳಲ್ಲ. ಈ ಪುಸ್ತಕ ಇಲ್ಲದಿದ್ದರೆ ಇಬ್ಬರೂ ಜಗಳ ಆಡುತ್ತಿದ್ದೆವು.

ಬಾಗಿಲು ಪೂರ್ತಿ ಮುಚ್ಚಬೇಡಿ

ಇಷ್ಟರಲ್ಲಿ ನಾನು ವಿಚಾರಿಸಿ ತಿಳಿದ ಕೆಲವು ಸಂಗತಿಗಳನ್ನು ಬರೆಯುತ್ತೇನೆ. ಬೇರೆಯವರಿಗೆ ಬೇಕಾದೀತು.

ಕಾಲೇಜು ಬಿಟ್ಟವರಿಗೆ ದೂರಶಿಕ್ಷಣ ಇದೆ. ಮೈಸೂರಿನಲ್ಲಿ 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡುತ್ತಲೇ ಬಿ.ಎ., ಬಿ.ಕಾಂ. ಓದಬಹುದು. ಸೇರುವ ಮೊದಲು ಆ ವರ್ಷ ಆ ಕೋರ್ಸಿಗೆ ಯು.ಜಿ.ಸಿ. ಮಾನ್ಯತೆ ಇದೆಯೇ ಅಂತ ನೋಡಿಕೊಳ್ಳಬೇಕು.

ಕೈಕೆಲಸ ಕಲಿಯುವವರಿಗೆ ರುಡ್‌ಸೆಟ್ ಸಂಸ್ಥೆ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕಿನ ಜೊತೆ ಸೇರಿ ಶುರು ಮಾಡಿದ್ದು, ಬ್ರಹ್ಮಾವರದಲ್ಲೂ ಇದೆ. ತರಬೇತಿ, ಊಟ, ವಸತಿ ಉಚಿತ. ತೆಂಗಿನ ಮರ ಯಂತ್ರದಲ್ಲಿ ಹತ್ತುವುದಕ್ಕೆ ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ತರಬೇತಿ ಕೊಡಿಸುತ್ತಿದೆ. ತೆಂಗು ಹತ್ತುವವರಿಗೆ ‘ಕೇರಾ ಸುರಕ್ಷಾ’ ಎಂಬ ಅಪಘಾತ ವಿಮೆಯೂ ಇದೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಯಾವ ತರಬೇತಿ ಯಾವಾಗ ಅಂತ ಹೇಳುತ್ತಾರೆ. ಮರದ ಕೆಲಸಕ್ಕೆ ಇಳಿಯುವವರು ವಿಮೆ ಇಲ್ಲದೆ ಒಂದು ದಿನವೂ ಹೋಗಬಾರದು. ಸೊಂಟ ಮುರಿದ ಮನುಷ್ಯನನ್ನು ಎಂಟು ತಿಂಗಳು ನೋಡಿಕೊಂಡವನು ನಾನು.

ಇನ್ನೂ ಪಿ.ಯು.ಸಿ.ಗೆ ಸೇರದ ಮಕ್ಕಳಿರುವವರಿಗೆ ಒಂದು ಮಾತು. ಬಿ.ಎಸ್ಸಿ. ಕೃಷಿಗೆ ಕೃಷಿಕರ ಮಕ್ಕಳಿಗೆಂದೇ ಮೀಸಲು ಸೀಟುಗಳಿವೆ. ಆದರೆ ಅದಕ್ಕೆ ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿರಬೇಕು. ನಮಗೆ ಇದು ಗೊತ್ತಾಗುವಾಗ ಮಗ ಕಾಮರ್ಸಿನಲ್ಲಿದ್ದ.

ಪದವಿ ಆದರೆ ಎಲ್ಲ ಆಯಿತು ಅಂತಲೂ ಅಲ್ಲ. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ಕೊಡುವ ಯುವನಿಧಿಯನ್ನು ಸರ್ಕಾರ 2024ರ ಜನವರಿಯಲ್ಲಿ ಶುರು ಮಾಡಬೇಕಾಯಿತು ಅಂದರೆ ಪರಿಸ್ಥಿತಿ ನಮಗೆ ಅರ್ಥ ಆಗುತ್ತದೆ. ಹಾಗೆಯೇ ತೋಟ ಇದ್ದರೆ ಎಲ್ಲ ಆಯಿತು ಅಂತಲೂ ಅಲ್ಲ. ನಮ್ಮ ಮುದೂರು, ಜಡ್ಕಲ್ ಕಡೆ ರಬ್ಬರ್ ಹಾಕಿದವರನ್ನು ಕೇಳಿ. 2011ರಲ್ಲಿ ಕಿಲೋಗೆ 240ರ ಆಸುಪಾಸು ಇದ್ದದ್ದು 2016ರ ಆರಂಭದಲ್ಲಿ ನೂರಕ್ಕಿಂತ ಕೆಳಗೆ ಬಂತು. ಅಡಿಕೆಗೆ ಎಲೆಚುಕ್ಕಿ ಬಂದಿದೆ. ದೋಟಿಯ ಬದಲು ನಾಳೆ ಇನ್ನೇನೋ ಯಂತ್ರ ಬರಬಹುದು. ಒಂದೇ ಕಾಲಿನ ಮೇಲೆ ನಿಲ್ಲುವ ಧೈರ್ಯ ಸಣ್ಣ ಹಿಡುವಳಿಯವರಿಗೆ ಒಳ್ಳೆಯದಲ್ಲ.

ಈಗ

ಮೂರನೇ ವರ್ಷವನ್ನು ದೂರಶಿಕ್ಷಣದಲ್ಲಿ ಮುಗಿಸುತ್ತೇನೆ ಅಂದಿದ್ದಾನೆ. ಇನ್ನೂ ಅರ್ಜಿ ತುಂಬಿಲ್ಲ. ಅವನ ಅಮ್ಮ ವಾರಕ್ಕೊಮ್ಮೆ ನೆನಪಿಸುತ್ತಾಳೆ. ಹೆಣ್ಣು ಕೊಡುವವರು ಯಾರು ಎಂಬ ಅವಳ ಪ್ರಶ್ನೆಗೂ ಇನ್ನೂ ಉತ್ತರ ಸಿಕ್ಕಿಲ್ಲ. ನಾವು ಮಾಡಿದ್ದು ಸರಿಯೋ ಎಂಬುದು ಇನ್ನು ಹತ್ತು ವರ್ಷಕ್ಕೆ ಗೊತ್ತಾಗಬಹುದು.

ಆದರೆ ಒಂದು ವ್ಯತ್ಯಾಸ ಇದೆ. ನಾನು ಬಿಟ್ಟಾಗ ಬೇರೆ ದಾರಿಯೇ ಇರಲಿಲ್ಲ ಅಂತ ಊರಿಗೆ ಹೇಳಿದೆ. ಇವನು ಬಿಟ್ಟಾಗ ಎರಡೂ ದಾರಿ ಎದುರಿಗೆ ಇದ್ದವು, ಒಂದನ್ನು ಆರಿಸಿದ. ನಾಳೆ ಅಡಿಕೆ ದರ ಬಿದ್ದರೂ ಅವನು ಆ ಮಾತನ್ನು ಅಡಗಿಸಿಟ್ಟುಕೊಂಡು ಮೂವತ್ತು ವರ್ಷ ಕಳೆಯಬೇಕಿಲ್ಲ.

ಹಾಗಾಗಿ ಮಕ್ಕಳು ಕಾಲೇಜು ಬಿಡುತ್ತೇನೆ ಅಂದರೆ ಕೂಡಲೇ ಬೈಯಬೇಡಿ, ಕೂಡಲೇ ಒಪ್ಪಲೂ ಬೇಡಿ. ಯಾವ ಪೇಪರ್ ಬಾಕಿ ಇದೆ ಕೇಳಿ. ಅದನ್ನು ದಾಟಿ ಬರಲಿ. ಹಿಡಿಯುವ ಕೆಲಸವನ್ನು ಮೊದಲು ಬೇರೆಯವರ ಸಲಕರಣೆಯಲ್ಲಿ ಮಾಡಲಿ. ಒಂದು ಮಳೆಗಾಲ ಪೂರ್ತಿ ಲೆಕ್ಕ ಬರೆಯಲಿ. ಆ ಮೇಲೆ ಬಿಟ್ಟರೂ ಚಿಂತೆ ಇಲ್ಲ, ಮತ್ತೆ ಹೋದರೂ ಸಂತೋಷ.

ಮೊನ್ನೆ ಮೇಷ್ಟ್ರ ತೋಟಕ್ಕೆ ಕೊಯ್ಲಿಗೆ ಹೋದವನು ಮಗನೇ. ಸಂಜೆ ದುಡ್ಡು ಕೊಡುವಾಗ ಮೇಷ್ಟ್ರು ಅವನ ಲೆಕ್ಕದ ಪುಸ್ತಕ ತಿರುಗಿಸಿ ನೋಡಿ ಒಂದು ಕಡೆ ಕೂಡಿಸಿದ್ದು ತಪ್ಪಿದೆ ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಕಳಿಸಿದ್ದಾರೆ. ರಾತ್ರಿ ಊಟ ಆದ ಮೇಲೆ ಕೂತು ಸರಿ ಮಾಡಿದ.

ನಿಮ್ಮ ಮನೆಯಲ್ಲೂ ಇಂಥ ಅನುಭವ ಆಗಿದ್ದರೆ ಪತ್ರಿಕೆಗೆ ಬರೆಯಿರಿ. ಓದು ಮುಗಿಸಿ ತೋಟಕ್ಕೆ ಬಂದವರು, ನಡುವೆ ಬಿಟ್ಟವರು, ಬಿಟ್ಟು ಮತ್ತೆ ಹೋದವರು, ಎಲ್ಲರ ಲೆಕ್ಕವೂ ಬೇಕು.